ಹೃದಯದ ಮಾತ್ರೆ, ತಣ್ಣಗಾದ ಕಾಲು: 250 ವರ್ಷಗಳ ಕಥೆ

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ತಾತ ಬಚ್ಚಲ ಒಲೆ ಮುಂದೆ ಕಾಲು ಚಾಚಿ ಕೂತಿದ್ದರು. ನೋಡಿದರೆ ಬಲಗಾಲಿನ ಹೆಬ್ಬೆರಳ ಪಕ್ಕ ಬೊಬ್ಬೆ ಎದ್ದಿದೆ. ಬೆಂಕಿಯ ಕಾವು ಅಷ್ಟು ತಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದು, ಪಾದಕ್ಕೆ ಸ್ಪರ್ಶ ಕಡಿಮೆ.

"ತಾತ, ಹಾರ್ಟಿನ ಮಾತ್ರೆ ತಗೊಂಡ್ರಾ?" ಅಂತ ಕೇಳಿದೆ.

"ಅದನ್ನ ನುಂಗಿದ್ರೆ ಕಾಲು ಐಸ್ ಆಗ್ತದೆ ಕಣಪ್ಪ. ಬಿಟ್ಟು ಒಂದು ವಾರ ಆಯ್ತು" ಅಂದರು.

ಮೂರನೇ ದಿನ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಒರಗಿಸಿ ಕೂರಿಸಿ, ಪಕ್ಕದ ಮನೆಯವರ ಓಮ್ನಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಉಳಿದುಕೊಂಡರು. ಅಲ್ಲಿನ ಡಾಕ್ಟರು ಬೈಯಲಿಲ್ಲ. "ನಿಮ್ಮ ಕಾಲಿನ ದೂರು ಸುಳ್ಳಲ್ಲ ಅಜ್ಜ. ಆದ್ರೆ ಆ ದೂರು ನನಗೆ ಹೇಳ್ಬೇಕಿತ್ತು. ನೀವೇ ತೀರ್ಪು ಕೊಟ್ಬಿಟ್ರಿ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹೃದಯಕ್ಕೆ ಕೊಡುವ ಮಾತ್ರೆಗೂ ಕಾಲಿಗೂ ಏನು ಸಂಬಂಧ? ಹುಡುಕುತ್ತಾ ಹೋದರೆ ಕಥೆ 250 ವರ್ಷ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಗಿಡವಿದೆ, ಹಾವಿದೆ, ಕುಂಟುವ ಕುದುರೆ ಇದೆ. ನಿಮ್ಮ ಮನೆಯಲ್ಲೂ ಹೃದಯದ ಮಾತ್ರೆ ನುಂಗುವವರಿದ್ದರೆ ಈ ಕಥೆ ಓದಿ.

'ಹಾರ್ಟ್ ಫೇಲ್' ಅಂದರೆ ಸಾವಲ್ಲ

ನಮ್ಮ ಕಡೆ "ಹಾರ್ಟ್ ಫೇಲ್ ಆಯ್ತು" ಅಂದರೆ ತೀರಿಹೋದರು ಅಂತಲೇ ಅರ್ಥ. ಡಾಕ್ಟರು ಚೀಟಿಯಲ್ಲಿ ಬರೆಯುವ ಹಾರ್ಟ್ ಫೇಲ್ಯೂರ್ ಅದಲ್ಲ. ಹೃದಯ ನಿಂತಿಲ್ಲ, ಅದರ ಶಕ್ತಿ ಕುಂದಿದೆ, ಅಷ್ಟೇ. ಕನ್ನಡದಲ್ಲಿ ಇದನ್ನು ಹೃದಯ ವೈಫಲ್ಯ ಅನ್ನುತ್ತಾರೆ.

ಕಾಲುವೆ ನೀರು ನೆನಪಿಸಿಕೊಳ್ಳಿ. ಮೇಲೆ ನೀರಿನ ರಭಸ ಕಡಿಮೆಯಾದರೆ ಮೊದಲು ಒಣಗುವುದು ಕೊನೆ ಭಾಗದ ರೈತನ ಗದ್ದೆ. ದೇಹದಲ್ಲಿ ಆ ಕೊನೆ ಭಾಗದ ರೈತ ಅಂದರೆ ನಮ್ಮ ಪಾದ. ಹೃದಯ ಸೋತರೆ ಅಲ್ಲಿಗೆ ಬಿಸಿ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಪಾದ ತಣ್ಣಗಾಗುತ್ತದೆ. ಹೋದ ರಕ್ತ ಸರಾಗವಾಗಿ ವಾಪಸ್ ಬರುವುದೂ ಇಲ್ಲ. ನೀರು ಅಲ್ಲೇ ಜಿನುಗಿ ಕಾಲು ಊದುತ್ತದೆ. ಬೆರಳಲ್ಲಿ ಒತ್ತಿ ಹಿಡಿದು ಬಿಟ್ಟರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ.

ಹಾಗಾಗಿ ಹೃದಯದ ರೋಗವನ್ನು ಹಳೆಯ ಕಾಲದ ವೈದ್ಯರು ಮೊದಲು ನೋಡಿದ್ದು ಕಾಲಿನಲ್ಲೇ. ಇಂಗ್ಲೆಂಡಿನಲ್ಲಿ ಈ ಬಾವಿಗೆ ಡ್ರಾಪ್ಸಿ ಅನ್ನುತ್ತಿದ್ದರು. ಅದು ಹೃದಯದಿಂದ ಬಂತೋ ಮೂತ್ರಪಿಂಡದಿಂದ ಬಂತೋ ಎಂದು ಬಿಡಿಸಿ ಹೇಳಲು ಬಹಳ ಕಾಲ ಯಾರಿಗೂ ಆಗುತ್ತಿರಲಿಲ್ಲ. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯ, ಮೂತ್ರ ಕಾಯಿಸಿದಾಗ ಮೊಟ್ಟೆಯ ಬಿಳಿಯಂತೆ ಗಟ್ಟಿಯಾದರೆ ಆ ಬಾವು ಮೂತ್ರಪಿಂಡದ್ದು ಎಂದು ತೋರಿಸಿದ. ಆದರೆ ಅದಕ್ಕೂ ಮೊದಲೇ ಹೃದಯದ ಬಾವಿಗೆ ಒಂದು ಮದ್ದು ಸಿಕ್ಕಿಬಿಟ್ಟಿತ್ತು.

ಹಳ್ಳಿ ಮುದುಕಿಯ ಕಷಾಯ

1775ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನ ಬಳಿ ಒಂದು ಮನೆಮದ್ದಿನ ವಿಚಾರ ಬಂತು. ಶ್ರಾಪ್‌ಶೈರ್ ಸೀಮೆಯ ಮುದುಕಿಯೊಬ್ಬಳು ಗುಟ್ಟಾಗಿ ಇಟ್ಟುಕೊಂಡಿದ್ದ ಕಷಾಯ ಅದು. ದೊಡ್ಡ ವೈದ್ಯರು ಕೈಬಿಟ್ಟ ಡ್ರಾಪ್ಸಿ ರೋಗಿಗಳೂ ಅದರಿಂದ ಗುಣವಾಗುತ್ತಿದ್ದರಂತೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಿದ್ದವು. ಗಿಡಶಾಸ್ತ್ರ ಬಲ್ಲ ವಿದರಿಂಗ್, ಕೆಲಸ ಮಾಡುವ ಸೊಪ್ಪು ಒಂದೇ ಎಂದು ಗುರುತಿಸಿದ: ನೇರಳೆ ಗಂಟೆಯಂಥ ಹೂ ಬಿಡುವ ಫಾಕ್ಸ್‌ಗ್ಲೋವ್. ಅದರ ಸಸ್ಯನಾಮ ಡಿಜಿಟಾಲಿಸ್.

ಆ ಮುದುಕಿಯ ಹೆಸರನ್ನು ವಿದರಿಂಗ್ ಬರೆದಿಡಲಿಲ್ಲ. ಇಂದು ಅಲ್ಲಲ್ಲಿ ಕಾಣುವ 'ಮದರ್ ಹಟನ್' ಎಂಬ ಹೆಸರು 20ನೇ ಶತಮಾನದ ಔಷಧ ಕಂಪನಿಯ ಜಾಹೀರಾತಿನಿಂದ ಹುಟ್ಟಿದ್ದು. ನಾಟಿ ಮದ್ದು ಕೊಟ್ಟ ಹೆಂಗಸಿನ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ. ಇದು ನಮಗೂ ಹೊಸದಲ್ಲ.

ಹತ್ತು ವರ್ಷ ಬಳಸಿ ನೋಡಿ, 1785ರಲ್ಲಿ ವಿದರಿಂಗ್ ಪುಸ್ತಕ ಬರೆದ. ನೂರೈವತ್ತಕ್ಕೂ ಹೆಚ್ಚು ರೋಗಿಗಳ ವಿವರ ಅದರಲ್ಲಿದೆ. ಗುಣವಾದವರನ್ನಷ್ಟೇ ಅಲ್ಲ, ಗುಣವಾಗದವರನ್ನೂ ಬರೆದ. ಮದ್ದು ಹೆಚ್ಚಾದರೆ ಏನಾಗುತ್ತದೆ ಎಂದೂ ಬರೆದ: ವಾಂತಿ, ಭೇದಿ, ತಲೆಸುತ್ತು, ಕಣ್ಣಿಗೆ ಎಲ್ಲ ಹಳದಿ ಹಸಿರಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು. ಇಂಥ ಲಕ್ಷಣದಲ್ಲಿ ಒಂದು ಕಂಡರೂ ಮದ್ದು ನಿಲ್ಲಿಸಿ ಎಂದ. ಹೃದಯದ ಮದ್ದಿನ ಚರಿತ್ರೆ ಹೀಗೆ ಅಡ್ಡಪರಿಣಾಮದ ಪಟ್ಟಿಯ ಜೊತೆಗೇ ಶುರುವಾಯಿತು.

1930ರಲ್ಲಿ ಅದೇ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಡಿಸಿದರು. ಇಂದಿಗೂ ಕೆಲವು ರೋಗಿಗಳಿಗೆ ಅದನ್ನು ಕೊಡುತ್ತಾರೆ. 1997ರಲ್ಲಿ 6,800 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ತಗ್ಗಿಸುತ್ತದೆ, ಆದರೆ ಒಟ್ಟು ಸಾವು ತಗ್ಗಿಸುವುದಿಲ್ಲ ಎಂದು ಗೊತ್ತಾಯಿತು.

ಇಲ್ಲೊಂದು ಎಚ್ಚರಿಕೆ. ನಮ್ಮ ಬೇಲಿಯ ಕಣಗಿಲೆ ಮತ್ತು ಹಳದಿ ಕಣಗಿಲೆಯಲ್ಲೂ ಡಿಜಿಟಾಲಿಸ್ ಗುಂಪಿನದೇ ವಿಷ ಇದೆ. ಬೀಜ, ಎಲೆ, ಬೇರು ಎಲ್ಲವೂ ವಿಷ. ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆಯಲು ಮನೆಯಲ್ಲಿ ದಾರಿಯಿಲ್ಲ. ಯಾರೇ ಹೇಳಿದರೂ ಅದರ ಕಷಾಯ ಮಾಡಬೇಡಿ.

ಕಾಲಿಗೆ ಚುಚ್ಚಿ ನೀರು ತೆಗೆದ ಕಾಲ

ಡಿಜಿಟಾಲಿಸ್‌ಗೂ ಬಗ್ಗದ ಬಾವಿಗೆ 19ನೇ ಶತಮಾನದ ವೈದ್ಯರು ಕಾಲನ್ನೇ ಚುಚ್ಚುತ್ತಿದ್ದರು. 1877ರಲ್ಲಿ ಲಂಡನ್ನಿನ ರೆಜಿನಾಲ್ಡ್ ಸೌದಿ ಎಂಬ ವೈದ್ಯ ಸಣ್ಣ ಕೊಳವೆಗಳನ್ನು ಬಳಕೆಗೆ ತಂದ. ಅದನ್ನು ಊದಿದ ಕಾಲಿನ ಚರ್ಮದ ಕೆಳಗೆ ಚುಚ್ಚಿ, ರಬ್ಬರ್ ನಳಿಕೆ ಜೋಡಿಸಿ, ಮಂಚದ ಕೆಳಗಿನ ಪಾತ್ರೆಗೆ ನೀರು ಬಸಿಯಲು ಬಿಡುತ್ತಿದ್ದರು. ಲೀಟರ್‌ಗಟ್ಟಲೆ ನೀರು ಬರುತ್ತಿತ್ತು. ರೋಗಿಗೆ ಉಸಿರು ಹಗುರವಾಗುತ್ತಿತ್ತು. ಆದರೆ ರಕ್ತಸಂಚಾರ ಕಡಿಮೆ ಇರುವ ಕಾಲಿಗೆ ಗಾಯವಾದರೆ ಬೇಗ ಮಾಯುವುದಿಲ್ಲ. ಕೀವು, ನಂಜು ಏರುವ ಭಯ ಯಾವಾಗಲೂ ಇತ್ತು.

ಮುಂದಿನ ಹೆಜ್ಜೆ ಆಕಸ್ಮಿಕ. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವೋಗ್ಲ್ ಎಂಬ ವೈದ್ಯ ವಿದ್ಯಾರ್ಥಿ ಸಿಫಿಲಿಸ್ ರೋಗಕ್ಕೆಂದು ಪಾದರಸದ ಇಂಜೆಕ್ಷನ್ ಕೊಟ್ಟ. ವಾರ್ಡಿನ ನರ್ಸುಗಳು ರೋಗಿಯ ಮೂತ್ರದ ಅಳತೆಯನ್ನು ಶಿಸ್ತಾಗಿ ಬರೆದಿಡುತ್ತಿದ್ದರು. ಇಂಜೆಕ್ಷನ್ ಕೊಟ್ಟ ದಿನವೆಲ್ಲ ಮೂತ್ರ ಏಕಾಏಕಿ ಹೆಚ್ಚಾಗಿದ್ದು ಆ ಹಾಳೆಯಲ್ಲಿ ಕಂಡಿತು. ಅಲ್ಲಿಂದ ಮೂರು ನಾಲ್ಕು ದಶಕ ಹೃದಯ ರೋಗಿಗಳಿಗೆ ಪಾದರಸದ ಇಂಜೆಕ್ಷನ್ನೇ ಗತಿಯಾಯಿತು. ಕಾಲಿನ ನೀರು ಇಳಿಯುತ್ತಿತ್ತು, ಆದರೆ ಪಾದರಸ ಮೂತ್ರಪಿಂಡಕ್ಕೂ ಬಾಯಿಗೂ ಕೆಡುಕು ಮಾಡುತ್ತಿತ್ತು.

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಕ್ಲೋರೋಥಯಜೈಡ್ ಎಂಬ ಮಾತ್ರೆ ಬಂತು. 1960ರ ದಶಕದಲ್ಲಿ ಜರ್ಮನಿಯಿಂದ ಫ್ಯೂರೋಸಮೈಡ್ ಬಂತು. ನಮ್ಮ ಹಳ್ಳಿಗಳಲ್ಲಿ 'ಉಚ್ಚೆ ಮಾತ್ರೆ' ಅಂತ ಕರೆಯುವುದು ಇಂಥವನ್ನೇ. ಕೊಳವೆಯೂ ಬೇಡ, ಪಾದರಸವೂ ಬೇಡ.

ಆದರೆ ಇದಕ್ಕೂ ಬೆಲೆ ಇದೆ, ಅದು ಹಲವು ಸಲ ಕಾಲಿನಲ್ಲೇ ಕಾಣುತ್ತದೆ. ಮೂತ್ರದ ಜೊತೆ ಪೊಟ್ಯಾಸಿಯಂ ಹೋಗುವುದರಿಂದ ಸುಸ್ತು, ಮೀನಖಂಡದಲ್ಲಿ ಸೆಳೆತ. ರಕ್ತದಲ್ಲಿ ಯೂರಿಕ್ ಆಸಿಡ್ ಏರಿದರೆ ರಾತ್ರೋರಾತ್ರಿ ಹೆಬ್ಬೆರಳ ಗೆಣ್ಣು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವು. ಅದು ಗೌಟ್. ಇದಕ್ಕೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ದೊಡ್ಡ ತಪ್ಪು. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ನಿಲ್ಲಿಸಿ ಸೋತ ಹೃದಯವನ್ನು ಇನ್ನೂ ಸೋಲಿಸುತ್ತವೆ.

ಹಾವಿನ ವಿಷದಿಂದ ಬಂದ ಮಾತ್ರೆ

ಬ್ರೆಜಿಲ್‌ನಲ್ಲಿ ಜರಾರಾಕಾ ಎಂಬ ಮಂಡಲ ಜಾತಿಯ ಹಾವಿದೆ. ಅದು ಕಚ್ಚಿದರೆ ಬಿಪಿ ಕುಸಿಯುತ್ತದೆ. ಅದರ ವಿಷದಲ್ಲಿ ಏನಿದೆ ಎಂದು ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಬೆನ್ನು ಹತ್ತಿದರು. ಆ ತಿಳಿವಳಿಕೆ ಲಂಡನ್ನಿನ ಜಾನ್ ವೇನ್ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿಂದ ಅಮೆರಿಕದ ಕುಶ್ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳ ಕೈಗೆ ಬಂತು. 1975ರಲ್ಲಿ ಅವರು ತಯಾರಿಸಿದ್ದು ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಈ ಮಾತ್ರೆಗಳು ರಕ್ತನಾಳವನ್ನು ಸಡಿಲಿಸಿ ಹೃದಯದ ಹೊರೆ ಇಳಿಸುತ್ತವೆ. ಇದೇ ಗುಂಪಿನ ಎನಾಲಾಪ್ರಿಲ್ ಅನ್ನು ತೀವ್ರ ಹೃದಯ ವೈಫಲ್ಯ ಇದ್ದ 253 ರೋಗಿಗಳ ಮೇಲೆ ಉತ್ತರ ಯುರೋಪಿನಲ್ಲಿ ಪರೀಕ್ಷಿಸಿದರು. ಫಲಿತಾಂಶ ಬಂದದ್ದು 1987ರಲ್ಲಿ. ಆರು ತಿಂಗಳಲ್ಲಿ ಹುಸಿ ಮಾತ್ರೆ ಪಡೆದವರಲ್ಲಿ ಶೇ. 44 ಮಂದಿ ತೀರಿಹೋಗಿದ್ದರು. ಎನಾಲಾಪ್ರಿಲ್ ಪಡೆದವರಲ್ಲಿ ಶೇ. 26. ಹೃದಯ ವೈಫಲ್ಯದಲ್ಲಿ ಬರೀ ಬಾವು ಇಳಿಸುವುದಲ್ಲ, ಆಯಸ್ಸನ್ನೂ ಹೆಚ್ಚಿಸಬಹುದು ಎಂದು ಇದು ಗಟ್ಟಿಯಾಗಿ ತೋರಿಸಿತು.

ಇದರ ಅಡ್ಡಪರಿಣಾಮ: ಒಣಕೆಮ್ಮು, ಎದ್ದು ನಿಂತಾಗ ತಲೆಸುತ್ತು, ಪೊಟ್ಯಾಸಿಯಂ ಏರುವುದು. ತುಟಿ, ನಾಲಿಗೆ ಊದಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಕೊಡಬಾರದು ಅಂದದ್ದೇ ಕಾಪಾಡಿತು

ಈಗ ನಮ್ಮ ತಾತನ ಮಾತ್ರೆಗೆ ಬರೋಣ. ಅದರ ಗುಂಪಿನ ಹೆಸರು ಬೀಟಾ ಬ್ಲಾಕರ್.

1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಒಂದು ವಿಚಾರ ಮುಂದಿಟ್ಟರು. ಭಯ, ಸಿಟ್ಟು ಬಂದಾಗ ಉಕ್ಕುವ ಅಡ್ರಿನಲಿನ್‌ಗೆ ದೇಹದಲ್ಲಿ ಎರಡು ಥರದ ಬಾಗಿಲುಗಳಿವೆ: ಆಲ್ಫಾ ಮತ್ತು ಬೀಟಾ. ಬೀಟಾ ಬಾಗಿಲು ತಟ್ಟಿದರೆ ಹೃದಯ ಜೋರಾಗಿ ಬಡಿಯುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಆ ಬಾಗಿಲಿಗೆ ಚಿಲಕ ಹಾಕುವ ಮದ್ದು ಹುಡುಕಿದರು. 1960ರ ದಶಕದ ಮಧ್ಯದಲ್ಲಿ ಪ್ರೊಪ್ರನಲಾಲ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಎದೆನೋವಿಗೆ, ಬಿಪಿಗೆ ಈ ಮಾತ್ರೆ ಒಳ್ಳೆಯದು. ಆದರೆ ಹೃದಯ ವೈಫಲ್ಯ ಇದ್ದವರಿಗೆ ಮುಟ್ಟಿಸಲೇಬಾರದು ಎಂದು ವೈದ್ಯ ಪುಸ್ತಕಗಳು ಹೇಳುತ್ತಿದ್ದವು. ಮೊದಲೇ ಸೋತ ಎತ್ತಿನ ಕಾಲು ಕಟ್ಟುವುದೇ ಎಂಬ ತರ್ಕ.

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಬೇರೆ ಥರ ಯೋಚಿಸಿದರು. ಸೋತ ಎತ್ತಿಗೆ ದಿನವಿಡೀ ಚಾಟಿ ಬೀಸುತ್ತಿರುವುದು ಅಡ್ರಿನಲಿನ್. ಆ ಚಾಟಿ ಕಸಿದುಕೊಂಡರೆ ಎತ್ತು ಚೇತರಿಸಿಕೊಳ್ಳಬಹುದಲ್ಲ? 1975ರಲ್ಲಿ ಏಳು ರೋಗಿಗಳ ವರದಿ ಪ್ರಕಟಿಸಿದರು. ಅವರ ಹೃದಯ ಸುಧಾರಿಸಿತ್ತು. ಬಹಳ ಮಂದಿ ನಂಬಲಿಲ್ಲ. ಅವರು ಬಳಸಿದ ಪ್ರಾಕ್ಟಲಾಲ್ ಎಂಬ ಮಾತ್ರೆ ಕಣ್ಣಿಗೂ ಚರ್ಮಕ್ಕೂ ಹಾನಿ ಮಾಡುತ್ತದೆ ಎಂದು ಅದೇ ಸುಮಾರಿಗೆ ಬಯಲಾಗಿ ಬಳಕೆಯಿಂದ ಹೋಯಿತು.

ವಾದ ಇತ್ಯರ್ಥವಾಗಲು ಇನ್ನೂ 24 ವರ್ಷ ಬೇಕಾಯಿತು. 1999ರಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಬಿಸೊಪ್ರೊಲಾಲ್ ಪರೀಕ್ಷೆಯಲ್ಲಿ 2,647 ರೋಗಿಗಳಿದ್ದರು. ಹುಸಿ ಮಾತ್ರೆಯವರಲ್ಲಿ ಸಾವು ಶೇ. 17.3, ಬಿಸೊಪ್ರೊಲಾಲ್‌ನವರಲ್ಲಿ ಶೇ. 11.8. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. 3,991 ರೋಗಿಗಳ ಮೆಟೊಪ್ರೊಲಾಲ್ ಪರೀಕ್ಷೆಯಲ್ಲೂ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು.

ಹಾಗಾದರೆ ಕಾಲು ತಣ್ಣಗಾಗುವುದೇಕೆ? ಬೀಟಾ ಬಾಗಿಲುಗಳು ಹೃದಯದಲ್ಲಿ ಮಾತ್ರ ಇಲ್ಲ. ಕೈಕಾಲಿನ ರಕ್ತನಾಳಗಳಲ್ಲೂ ಇವೆ, ಅಲ್ಲಿ ಅವು ನಾಳವನ್ನು ಸಡಿಲಿಸುತ್ತವೆ. ಅದಕ್ಕೂ ಚಿಲಕ ಬಿದ್ದರೆ, ನಾಳ ಬಿಗಿಯುವ ಆಲ್ಫಾ ಬಾಗಿಲಿನ ಕೈ ಮೇಲಾಗುತ್ತದೆ. ಹೃದಯವೂ ನಿಧಾನವಾಗಿ ಬಡಿಯುತ್ತದೆ. ಕೊನೆ ಭಾಗದ ರೈತನಿಗೆ ನೀರು ಇನ್ನೂ ಸ್ವಲ್ಪ ಕಡಿಮೆ. ತಾತ ಹೇಳಿದ್ದು ನಿಜವೇ.

ಆದರೆ ಏಕಾಏಕಿ ಬಿಟ್ಟರೆ, ಇಷ್ಟು ದಿನ ತಡೆದಿದ್ದ ಚಾಟಿ ಒಮ್ಮೆಲೇ ಬೀಳುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಎದೆನೋವು ಬರಬಹುದು, ಹೃದಯ ಮತ್ತೆ ಸೋಲಬಹುದು. ಬೀಟಾ ಬ್ಲಾಕರ್ ನಿಲ್ಲಿಸಲೇಬೇಕಾದರೆ ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ಕಾರ್ವೆಡಿಲಾಲ್ ಎಂಬ ಮಾತ್ರೆ ಆಲ್ಫಾ ಬಾಗಿಲನ್ನೂ ತಡೆಯುತ್ತದೆ. ಕಾಲಿನ ತೊಂದರೆ ಹೆಚ್ಚಿದ್ದವರಿಗೆ ಪ್ರಮಾಣ ತಗ್ಗಿಸುವುದು, ಮಾತ್ರೆ ಬದಲಿಸುವುದು ಸಾಧ್ಯ. ಅದನ್ನು ಕೇಳುವ ಹಕ್ಕು ನಿಮಗಿದೆ.

ಕುಂಟಿದ ಕುದುರೆ

ತಣ್ಣಗಿನ ಕಾಲೆಲ್ಲ ಮಾತ್ರೆಯಿಂದಲೇ ಬಂದದ್ದಲ್ಲ. ಕಾಲಿನ ರಕ್ತನಾಳವೇ ಕಟ್ಟಿಕೊಂಡಿರಬಹುದು. ಇದನ್ನು ಮೊದಲು ವಿವರಿಸಿದ್ದು ಮನುಷ್ಯರ ಡಾಕ್ಟರಲ್ಲ, ದನದ ಡಾಕ್ಟರು.

1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೇ ಒಂದು ಹೆಣ್ಣು ಕುದುರೆಯನ್ನು ನೋಡಿದ. ನಿಂತಾಗ ಆರಾಮ. ಸ್ವಲ್ಪ ದೂರ ಓಡಿದರೆ ಹಿಂಗಾಲು ಕುಂಟುತ್ತದೆ. ನಿಲ್ಲಿಸಿದರೆ ಮತ್ತೆ ಸರಿ. ಆ ಕಾಲುಗಳ ದೊಡ್ಡ ರಕ್ತನಾಳ ಕಟ್ಟಿಕೊಂಡಿತ್ತು. 1858ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೋ ಇದೇ ಕುಂಟನ್ನು ಮನುಷ್ಯನಲ್ಲಿ ಗುರುತಿಸಿದ. ಇಂದಿಗೂ ಡಾಕ್ಟರು ಕೇಳುವ ಪ್ರಶ್ನೆ ಅದೇ: ಎಷ್ಟು ದೂರ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆಯೇ?

1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್, ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿ ಇನ್ನೊಂದು ರೋಗ ವಿವರಿಸಿದ. ತಂಬಾಕು ಸೇದುವವರ ಕೈಕಾಲಿನ ಸಣ್ಣ ನಾಳಗಳು ಉರಿದು ಮುಚ್ಚಿಹೋಗುವ ರೋಗ ಅದು. ನಮ್ಮ ದೇಶದಲ್ಲಿ ಬೀಡಿ ಸೇದುವವರಲ್ಲಿ ಇದು ಕಾಣುತ್ತದೆ. ತಂಬಾಕು ಪೂರ್ತಿ ಬಿಡುವುದೇ ಇದಕ್ಕೆ ಮೊದಲ ಚಿಕಿತ್ಸೆ.

ಕಾಲಿನ ನಾಳ ಕಟ್ಟಿದವರಿಗೆ ಬೀಟಾ ಬ್ಲಾಕರ್ ಕೊಡಲು ವೈದ್ಯರು ಬಹಳ ಕಾಲ ಹೆದರುತ್ತಿದ್ದರು. 1991ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ, ರೋಗ ಹಗುರ ಅಥವಾ ಮಧ್ಯಮ ಮಟ್ಟದಲ್ಲಿದ್ದವರ ನಡಿಗೆ ಈ ಮಾತ್ರೆಯಿಂದ ಕೆಡಲಿಲ್ಲ ಎಂದು ತಿಳಿಯಿತು. ಕಾಲು ತಣ್ಣಗಾಗುವುದು ಬೇರೆ, ಕಾಲು ಸಾಯುವುದು ಬೇರೆ.

ಇವೆರಡನ್ನು ಬೇರೆ ಮಾಡಲು ಸುಲಭದ ಪರೀಕ್ಷೆ ಇದೆ. ತೋಳಿನಲ್ಲಿ ಬಿಪಿ ನೋಡಿದಂತೆ ಹರಡಿನ ಬಳಿಯೂ ನೋಡುತ್ತಾರೆ. ಹರಡಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿರುವ ಸೂಚನೆ. ನೋವಿಲ್ಲ, ಸೂಜಿ ಇಲ್ಲ.

2017ರ ಹೆದರಿಕೆ

ಕೊನೆಯ ಅಧ್ಯಾಯ ಹೊಸದು, ಆದರೆ ಬೇರು ಹಳೆಯದು. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಝಿನ್ ಎಂಬ ವಸ್ತು ತೆಗೆದಿದ್ದರು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದೇ ದಾರಿಯಲ್ಲಿ ಈ ಶತಮಾನದಲ್ಲಿ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆಗಳು ಬಂದವು.

2017ರಲ್ಲಿ ಅವುಗಳಲ್ಲೊಂದಾದ ಕ್ಯಾನಗ್ಲಿಫ್ಲೋಜಿನ್‌ನ ದೊಡ್ಡ ಪರೀಕ್ಷೆ ಆತಂಕ ತಂದಿತು. ಕಾಲು ಅಥವಾ ಬೆರಳು ಕತ್ತರಿಸಬೇಕಾಗಿ ಬಂದ ಪ್ರಕರಣ, 1,000 ರೋಗಿಗಳಿಗೆ ವರ್ಷಕ್ಕೆ 3.4 ಇದ್ದದ್ದು 6.3 ಆಗಿತ್ತು. ಅಮೆರಿಕದ ಔಷಧ ನಿಯಂತ್ರಕರು ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಅಪಾಯ ಅಷ್ಟು ಕಾಣದೆ, 2020ರಲ್ಲಿ ಆ ಮಟ್ಟದ ಎಚ್ಚರಿಕೆ ತೆಗೆದರು. ಕಾಲಿನ ಮೇಲೆ ಕಣ್ಣಿಡಿ ಎಂಬ ಮಾತು ಮಾತ್ರ ಉಳಿಯಿತು. ಈ ನಡುವೆ 2019ರಲ್ಲಿ, ಇದೇ ಗುಂಪಿನ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯ ರೋಗಿಗಳಿಗೂ ಒಳ್ಳೆಯದು ಎಂದು 4,744 ಜನರ ಪರೀಕ್ಷೆ ತೋರಿಸಿತು. ಅದರಲ್ಲಿ ಕಾಲು ಕತ್ತರಿಸುವ ಪ್ರಕರಣ ಹೆಚ್ಚಾಗಲಿಲ್ಲ.

ನಮ್ಮ ಮನೆಗೆ ಇದರಿಂದ ಏನು?

ಈ 250 ವರ್ಷದಲ್ಲಿ ಅಡ್ಡಪರಿಣಾಮ ಇಲ್ಲದ ಹೃದಯದ ಮದ್ದು ಒಂದೂ ಬರಲಿಲ್ಲ. ಪ್ರತಿ ಹೆಜ್ಜೆಯಲ್ಲೂ ಕೆಲಸಕ್ಕೆ ಬಂದದ್ದು ಯಾರೋ ನೋಡಿದ್ದು, ಬರೆದಿಟ್ಟದ್ದು, ಹೇಳಿದ್ದು. ವಿಯೆನ್ನಾದ ನರ್ಸುಗಳ ಹಾಳೆ ನೆನಪಿಡಿ. ಅದನ್ನೇ ನಾವೂ ಮಾಡಬಹುದು.

ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಿ.

ದಿನಾ ಪಾದ ನೋಡಿ, ಬೆರಳ ಸಂದಿಯನ್ನೂ. ತಣ್ಣಗಾದರೆ ಕಾಲುಚೀಲ, ಕಂಬಳಿ ಸಾಕು. ಕೆಂಡ, ಕುದಿನೀರು, ಬಿಸಿ ಇಟ್ಟಿಗೆ ಬೇಡ. ಊದಿದ ಕಾಲಿಗೆ ಬಿಗಿ ಪಟ್ಟಿ, ಬಿಗಿ ಕಾಲುಚೀಲ ಹಾಕುವ ಮೊದಲು ನಾಳದ ಪರೀಕ್ಷೆ ಆಗಿರಬೇಕು.

ಬಾವೆಲ್ಲ ಹೃದಯದ್ದಲ್ಲ. ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಿಂದಲೂ ಹರಡು ಊದುತ್ತದೆ. ಎಲ್ಲ ಮಾತ್ರೆಗಳ ಚೀಟಿ ಒಯ್ದು ತೋರಿಸಿ.

ಒಂದೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋರು ನೋವು ಬಂದರೆ, ಜೋಮು ಹಿಡಿದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ನಾಳೆ ಅನ್ನಬೇಡಿ. ಒಂದೇ ಕಾಲು ಊದಿ ನೋವಾದರೂ ಹಾಗೇ. ಮಲಗಿದಾಗ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ತಾತನಿಗೆ ಈಗ ಮಾತ್ರೆ ಬದಲಾಗಿದೆ. ಕಾಲು ಪೂರ್ತಿ ಬೆಚ್ಚಗಾಗಿಲ್ಲ, ಆದರೆ ಮೊದಲಿನಷ್ಟು ತಣ್ಣಗಿಲ್ಲ. ಸುಟ್ಟ ಗಾಯ ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಬಚ್ಚಲ ಒಲೆ ಹತ್ತಿರ ಈಗಲೂ ಕೂರುತ್ತಾರೆ, ಕಾಲು ಮಾತ್ರ ಹಿಂದಕ್ಕೆ ಮಡಚಿಕೊಂಡು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಅವರ ತೂಕ ಬರೆದಿರುತ್ತದೆ. ಬರೆಯುವುದು ಅಜ್ಜಿ.